‘ಯಾರ ಪೈಕಿ ನೀವು?’: ‘ನಾನು’ ಎಂಬುದರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೊಪ್ಪಳದ ಬಸ್ ಸ್ಟ್ಯಾಂಡಿನಲ್ಲಿ ವಯಸ್ಸಾದವರ ಪಕ್ಕ ಐದು ನಿಮಿಷ ಕೂತರೆ ಸಾಕು, ಪ್ರಶ್ನೆ ಬಂದೇ ಬರುತ್ತದೆ. ‘ಯಾವೂರಾತವ್ವಾ? ಯಾರ ಪೈಕಿ?’ ಹೆಸರು ಕೇಳೋದು ಆಮೇಲೆ. ನಾನು ಡಿಗ್ರಿ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳಿಕೊಡುತ್ತೇನೆ. ‘ಸ್ವ’ ಅನ್ನೋ ಪಾಠ ಬಂದಾಗಲೆಲ್ಲ ಈ ಬಸ್ ಸ್ಟ್ಯಾಂಡ್ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಪಾಠ ಮುಗಿದ ಮೇಲೆ ವಿದ್ಯಾರ್ಥಿಗಳು, ಅವರ ಅಪ್ಪ-ಅವ್ವಂದಿರು, ನಮ್ಮ ಓಣಿಯವರು ಕೇಳಿದ್ದನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವಕ್ಕೆ ಉದ್ದ ಉತ್ತರ ಇದೆ, ಕೆಲವಕ್ಕೆ ನಾಲ್ಕು ಸಾಲು.

‘ನಾನು’ ಅಂದರೆ ನಾನು, ಅಷ್ಟೇ. ಇದರಲ್ಲಿ ಓದೋಕೆ ಏನಿದೆ ಮೇಡಂ?

‘ನನ್ನನ್ನು ನಾನೇ ಬೈದುಕೊಂಡೆ’ ಅಂತ ಎಷ್ಟು ಸಲ ಹೇಳುತ್ತೇವೆ. ಬೈದವರು ಯಾರು, ಬೈಸಿಕೊಂಡವರು ಯಾರು? ಅಮೆರಿಕದ ವಿಲಿಯಂ ಜೇಮ್ಸ್ 1890ರಲ್ಲಿ ಬರೆದ ಮನಶ್ಶಾಸ್ತ್ರದ ದೊಡ್ಡ ಪುಸ್ತಕದಲ್ಲಿ ಇದನ್ನೇ ಹಿಡಿದುಕೊಂಡ. ನೋಡುವ ‘ನಾನು’ ಒಂದು, ನೋಡಿಸಿಕೊಳ್ಳುವ ‘ನನ್ನನ್ನು’ ಇನ್ನೊಂದು. ಎರಡನೆಯದನ್ನು ಮತ್ತೆ ಮೂರು ಪಾಲು ಮಾಡಿದ. ಮೈ, ಬಟ್ಟೆ, ಮನೆ, ಆಸ್ತಿ, ಮನೆಮಂದಿ ಒಂದು ಪಾಲು. ಜನರ ಕಣ್ಣಲ್ಲಿ ನಾವು ಏನೋ ಅದು ಎರಡನೇ ಪಾಲು. ಒಳಗಿನ ಯೋಚನೆ, ಮನಸ್ಸಾಕ್ಷಿ ಮೂರನೆಯದು.

ಹೊಲ-ಮನೆ ಹೇಗೆ ‘ನಾನು’ ಆಗುತ್ತದೆ ಅಂತ ಪೇಟೆಯ ಹುಡುಗರು ಕೇಳುತ್ತಾರೆ. ಹಳ್ಳಿಯವರು ಕೇಳೋದಿಲ್ಲ. ಪಕ್ಕದ ಹೊಲದವನು ಬದು ಒಂದು ಗೇಣು ಒತ್ತಿದ ಅಂತ ಇಪ್ಪತ್ತು ವರ್ಷ ಕೋರ್ಟಿಗೆ ಅಲೆದವರನ್ನು ಅವರು ನೋಡಿದ್ದಾರೆ. ಆ ಗೇಣು ಜಾಗದ ಬೆಲೆ ವಕೀಲರ ಒಂದು ದಿನದ ಫೀಸಿಗೂ ಸಾಲದು. ಆದರೂ ಅಲೆಯುತ್ತಾರೆ, ಯಾಕೆಂದರೆ ಅವರಿಗೆ ತಮ್ಮನ್ನೇ ಒತ್ತಿದ ಹಾಗೆ ಆಗಿರುತ್ತದೆ.

ಕೂಸಿಗೆ ‘ಇದು ನಾನು’ ಅಂತ ಯಾವಾಗ ಗೊತ್ತಾಗುತ್ತದೆ?

ಕನ್ನಡಿಯಲ್ಲಿ ತನ್ನನ್ನು ಗುರುತಿಸೋದು ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷದ ನಡುವೆ. ಗಾರ್ಡನ್ ಗ್ಯಾಲಪ್ 1970ರಲ್ಲಿ ಚಿಂಪಾಂಜಿಗಳ ಮುಖಕ್ಕೆ ಬಣ್ಣದ ಗುರುತು ಹಾಕಿ ಕನ್ನಡಿ ಮುಂದೆ ಬಿಟ್ಟು ನೋಡಿದ. ಅವು ಕನ್ನಡಿ ಮುಟ್ಟದೆ ತಮ್ಮ ಮುಖವನ್ನೇ ಮುಟ್ಟಿಕೊಂಡವು. 1972ರಲ್ಲಿ ಬ್ಯೂಲಾ ಆಂಸ್ಟರ್‌ಡ್ಯಾಂ ಎಂಬಾಕೆ ಮಕ್ಕಳ ಮೂಗಿಗೆ ಬಣ್ಣ ಹಚ್ಚಿ ಅದೇ ರೀತಿ ನೋಡಿದರು.

ನಾನೂ ತಂಗಿಯ ಮಗಳ ಮೇಲೆ ಇದನ್ನು ಮಾಡಿದೆ. ಒಂದು ತೊಂದರೆ ಇತ್ತು. ನಮ್ಮ ಮನೆಗಳಲ್ಲಿ ಕೂಸಿನ ಗಲ್ಲಕ್ಕೆ ದಿನಾ ದೃಷ್ಟಿಬೊಟ್ಟು ಇಡುತ್ತಾರೆ, ಕಪ್ಪು ಗುರುತು ಆಕೆಗೆ ಹೊಸದೇ ಅಲ್ಲ. ಹಾಗಾಗಿ ಮೂಗಿನ ತುದಿಗೆ ವಿಭೂತಿ ಹಚ್ಚಿದೆ. ಹದಿನಾಲ್ಕು ತಿಂಗಳಲ್ಲಿ ಕನ್ನಡಿಯೊಳಗಿನ ಕೂಸಿಗೆ ಮುತ್ತು ಕೊಟ್ಟಳು. ಇಪ್ಪತ್ತನೇ ತಿಂಗಳಲ್ಲಿ ಕನ್ನಡಿ ನೋಡಿದಳು, ಸುಮ್ಮನಾದಳು, ಮೂಗು ಒರೆಸಿಕೊಂಡಳು, ಆಮೇಲೆ ನನ್ನನ್ನು ನೋಡಿ ನಾಚಿಕೊಂಡಳು. ಆ ನಾಚಿಕೆ ಬಹಳ ದೊಡ್ಡ ವಿಷಯ. ‘ನಾನು’ ಇದ್ದೇನೆ ಅಂತ ಗೊತ್ತಾದವರಿಗೆ ಮಾತ್ರ ನಾಚಿಕೆ ಬರುತ್ತದೆ.

ನಿಮ್ಮ ಕೂಸು ಹೀಗೆ ಮಾಡದಿದ್ದರೆ ಗಾಬರಿ ಬೇಡ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೆನ್ಯಾದ ಹಳ್ಳಿ ಮಕ್ಕಳಲ್ಲಿ ಬಹುತೇಕರು ಗುರುತು ಮುಟ್ಟಲಿಲ್ಲ, ಕನ್ನಡಿ ಮುಂದೆ ಸುಮ್ನೆ ನಿಂತುಬಿಟ್ಟರು. ಅವರಿಗೆ ತಾವು ಯಾರು ಅಂತ ಗೊತ್ತಿರಲಿಲ್ಲ ಅನ್ನೋಕೆ ಆಗುತ್ತಾ? ದೊಡ್ಡವರು ಹಚ್ಚಿದ್ದನ್ನು ಒರೆಸಬಾರದು ಅಂದುಕೊಂಡಿರಬಹುದು.

ಮನೇಲಿ ಒಂದು ಥರ, ಗೆಳೆಯರ ಜೊತೆ ಇನ್ನೊಂದು ಥರ ಇರ್ತೀನಿ. ನಾನು ನಾಟಕ ಮಾಡ್ತಿದ್ದೀನಾ?

‘ಮನೇಲಿ ಇಲಿ, ಬೀದೀಲಿ ಹುಲಿ’ ಅಂತ ಗಾದೆಯೇ ಇದೆಯಲ್ಲ. ಇದು ನಿಮ್ಮೊಬ್ಬರ ಕಾಯಿಲೆ ಅಲ್ಲ. ನಮ್ಮನ್ನು ಬಲ್ಲ ಜನ ಎಷ್ಟಿದ್ದಾರೋ ಜನರ ಪಾಲಿನ ‘ನಾನು’ ಅಷ್ಟಿವೆ ಅಂತ ಜೇಮ್ಸ್ ಆಗಲೇ ಹೇಳಿದ್ದ. 1950ರ ದಶಕದಲ್ಲಿ ಅರ್ವಿಂಗ್ ಗಾಫ್ಮನ್ ಎಂಬ ಸಮಾಜಶಾಸ್ತ್ರಜ್ಞ ಇದನ್ನು ರಂಗಕ್ಕೇ ಹೋಲಿಸಿದ. ಎದುರಿಗೆ ರಂಗ, ಹಿಂದೆ ಬಣ್ಣದ ಕೋಣೆ.

ಚಿಕ್ಕವಳಿದ್ದಾಗ ನಮ್ಮ ಓಣಿಗೆ ಹಗಲುವೇಷದವರು ಬರುತ್ತಿದ್ದರು. ಒಂದು ಮಧ್ಯಾಹ್ನ ಆಂಜನೇಯನ ವೇಷದವರು ನಮ್ಮ ಕಟ್ಟೆ ಮೇಲೆ ಕೂತು ಚಹಾ ಕುಡಿದರು. ಬಣ್ಣ ಕೆಡಬಾರದು ಅಂತ ತುಟಿ ಮುಂದೆ ಚಾಚಿ, ಬಸಿಗೆ ಸುರಿದುಕೊಂಡು, ಸುರ್ ಅಂತ ಎಳೆಯುತ್ತಿದ್ದರು. ಬಾಲ ಪಕ್ಕದಲ್ಲಿ ಸುತ್ತಿ ಇಟ್ಟಿದ್ದರು. ನಮ್ಮ ಅಜ್ಜಿ ಅವರ ಮಗಳ ಮದುವೆ ಎಲ್ಲಿಗೆ ಬಂತು ಅಂತ ಕೇಳಿದಳು, ಅವರು ಸಾಲದ ಲೆಕ್ಕ ಹೇಳಿದರು. ಅಷ್ಟರಲ್ಲಿ ಒಂದು ಮಗು ಬಂದು ಕೈ ಮುಗಿಯಿತು. ಥಟ್ಟನೆ ಬಸಿ ಕೆಳಗಿಟ್ಟು, ಎದೆ ಉಬ್ಬಿಸಿ, ಹೂಂಕರಿಸಿದರು. ಸಾಲದ ಲೆಕ್ಕ ಹೇಳಿದ್ದು ನಿಜ, ಹೂಂಕಾರ ಸುಳ್ಳು ಅಂತ ನನಗೆ ಯಾವತ್ತೂ ಅನಿಸಿಲ್ಲ. ಎರಡೂ ಅವರೇ. ವೇಷ ತೆಗೆದ ಮೇಲೆ ಸಿಗೋದು ಮಾತ್ರ ‘ನಿಜವಾದ ನಾನು’ ಅನ್ನೋ ಹುಡುಕಾಟದಲ್ಲಿ ಬಹಳ ಹುಡುಗರು ಸುಸ್ತಾಗೋದನ್ನು ನೋಡಿದ್ದೇನೆ.

ಒಂದು ಎಚ್ಚರ ಇರಲಿ. ಒಂದು ಕಡೆ ತೋರಿಸೋ ಮುಖ ಇನ್ನೊಂದು ಕಡೆಯವರಿಗೆ ಗೊತ್ತಾದರೆ ಸತ್ತೇ ಹೋಗ್ತೀನಿ ಅನ್ನುವಷ್ಟು ಭಯ ಇದ್ದರೆ, ಅದು ಬೇರೆ ಮಾತು. ಆಗ ಯಾರ ಹತ್ತಿರವಾದರೂ ಬಾಯಿ ಬಿಡಬೇಕು.

‘ಜನ ಏನಂತಾರೆ’ ಅನ್ನೋದು ತಲೆಯಿಂದ ಹೋಗೋದೇ ಇಲ್ಲ. ಏನು ಮಾಡಲಿ?

ಪೂರ್ತಿ ಹೋಗೋದಿಲ್ಲ, ಹೋಗಲೂಬಾರದು. ಚಾರ್ಲ್ಸ್ ಕೂಲಿ 1902ರಲ್ಲಿ ಇದಕ್ಕೆ ಕನ್ನಡಿಯ ಹೋಲಿಕೆ ಕೊಟ್ಟ. ಜನರಿಗೆ ನಾನು ಹೇಗೆ ಕಾಣ್ತೀನಿ ಅಂತ ಊಹಿಸುತ್ತೇನೆ. ಅವರು ನನ್ನನ್ನು ಹೇಗೆ ಅಳೀತಾರೆ ಅಂತ ಊಹಿಸುತ್ತೇನೆ. ಆಮೇಲೆ ಹೆಮ್ಮೆ ಇಲ್ಲವೇ ಅವಮಾನ ಪಡುತ್ತೇನೆ. ಗಮನಿಸಿದಿರಾ? ಎರಡು ಕಡೆ ‘ಊಹೆ’ ಇದೆ. ಜನ ಏನೂ ಅಂದಿರೋದೇ ಇಲ್ಲ.

ಊಹೆ ಎಷ್ಟು ತಪ್ಪುತ್ತದೆ ಅನ್ನೋಕೆ ಒಂದು ಪ್ರಯೋಗ ಇದೆ. ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ್ದು. ವಿದ್ಯಾರ್ಥಿಗಳಿಗೆ ನಾಚಿಕೆಯಾಗುವಂಥ ಚಿತ್ರದ ಟೀ ಶರ್ಟ್ ಹಾಕಿಸಿ, ಜನ ತುಂಬಿದ ಕೋಣೆಗೆ ಕಳಿಸಿದರು. ಅರ್ಧದಷ್ಟು ಜನ ನೋಡಿರುತ್ತಾರೆ ಅಂತ ಹಾಕಿಕೊಂಡವರ ಅಂದಾಜು. ನಿಜವಾಗಿ ಗಮನಿಸಿದ್ದು ಸುಮಾರು ಕಾಲು ಭಾಗ ಜನ. ಉಳಿದವರಿಗೆ ತಮ್ಮ ಶರ್ಟಿನದೇ ಚಿಂತೆ ಇತ್ತೋ ಏನೋ.

ನಮ್ಮ ಕಡೆ ಎಲ್ಲರೂ ‘ಯಾರ ಪೈಕಿ’ ಅಂತಲೇ ಕೇಳ್ತಾರೆ. ನನ್ನನ್ನು ನಾನಾಗಿ ಯಾಕೆ ನೋಡಲ್ಲ?

ಈ ಪ್ರಶ್ನೆ ಕೇಳಿದ ಹುಡುಗಿಯ ಕಣ್ಣಲ್ಲಿ ಸಿಟ್ಟಿತ್ತು. ಆ ಸಿಟ್ಟು ನ್ಯಾಯವಾದದ್ದೇ.

1954ರಲ್ಲಿ ಕುನ್ ಮತ್ತು ಮೆಕ್‌ಪಾರ್ಟ್‌ಲ್ಯಾಂಡ್ ಎಂಬಿಬ್ಬರು ಒಂದು ಸರಳ ಪರೀಕ್ಷೆ ಮಾಡಿದರು. ‘ನಾನು ಯಾರು?’ ಅನ್ನೋದಕ್ಕೆ ಇಪ್ಪತ್ತು ಉತ್ತರ ಬರೆಯಬೇಕು. ಪ್ರತಿ ವರ್ಷ ನನ್ನ ತರಗತಿಯಲ್ಲಿ ಇದನ್ನು ಬರೆಸುತ್ತೇನೆ. ಒಬ್ಬಳ ಮೊದಲ ಸಾಲು: ‘ನಾನು ಅವ್ವನ ಹಿರೇ ಮಗಳು.’ ಎರಡನೆಯದು: ‘ಮೂರು ತಮ್ಮಂದಿರ ಅಕ್ಕ.’ ಒಂಬತ್ತನೇ ಸಾಲಿಗೆ ಬಂದ ಮೇಲೆ, ‘ನನಗೆ ಒಬ್ಬಳೇ ಮಾಳಿಗೆ ಮೇಲೆ ಕೂಡೋದು ಇಷ್ಟ.’ ಅಲ್ಲಿಯವರೆಗೆ ಆಕೆ ಯಾರದೋ ಏನೋ ಆಗಿದ್ದಳು. ಹೇಜಲ್ ಮಾರ್ಕಸ್ ಮತ್ತು ಶಿನೊಬು ಕಿತಾಯಾಮ 1991ರಲ್ಲಿ ಇದರ ಬಗ್ಗೆಯೇ ಬರೆದರು. ಅಮೆರಿಕದಂಥ ಕಡೆ ‘ನಾನು’ ಬೇಲಿ ಹಾಕಿದ ಸೈಟಿನ ಹಾಗೆ. ಏಷ್ಯಾದ ಬಹಳ ಕಡೆ ಅದು ನಂಟುಗಳ ನಡುವಿನ ಗಂಟು. ಗಂಟು ಬಿಚ್ಚಿದರೆ ದಾರ ಉಳಿಯುತ್ತದೆ, ಗಂಟು ಉಳಿಯೋದಿಲ್ಲ. ಇದನ್ನು ಪೂರ್ವ-ಪಶ್ಚಿಮ ಅಂತ ಗೆರೆ ಕೊಯ್ದು ಹೇಳೋಕೆ ನನಗೆ ಮನಸ್ಸಿಲ್ಲ. ಎರಡೂ ಎಲ್ಲರಲ್ಲೂ ಇರುತ್ತವೆ. ಆ ಹುಡುಗಿಯ ಒಂಬತ್ತನೇ ಸಾಲೂ ಆಕೆಯದೇ ಅಲ್ವಾ?

ಆದರೆ ‘ಯಾರ ಪೈಕಿ’ ಅನ್ನೋದು ಕೆಲವೊಮ್ಮೆ ಪ್ರೀತಿಯಿಂದ ಬರುತ್ತದೆ, ಕೆಲವೊಮ್ಮೆ ಜಾತಿ ತಿಳಿಯೋಕೆ ಬರುತ್ತದೆ. ಕೇಳಿಸಿಕೊಂಡವರಿಗೆ ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ. ಹೆನ್ರಿ ತಾಜ್‌ಫೆಲ್ 1970ರ ಸುಮಾರಿಗೆ ಇಂಗ್ಲೆಂಡಿನ ಶಾಲಾ ಹುಡುಗರನ್ನು ಎರಡು ಗುಂಪು ಮಾಡಿದ. ಯಾವ ಕಲಾವಿದನ ಚಿತ್ರ ಇಷ್ಟ ಅನ್ನೋ ಕ್ಷುಲ್ಲಕ ನೆಪ. ಯಾರು ಯಾರ ಗುಂಪು ಅಂತ ಮುಖ ಕೂಡ ಗೊತ್ತಿರಲಿಲ್ಲ. ಆದರೂ ದುಡ್ಡು ಹಂಚೋಕೆ ಹೇಳಿದಾಗ ತಮ್ಮ ಗುಂಪಿನವರಿಗೇ ಜಾಸ್ತಿ ಕೊಟ್ಟರು. ಒಂದು ಚಿತ್ರಕ್ಕೇ ಇಷ್ಟಾದರೆ, ನೂರಾರು ವರ್ಷದ ಜಾತಿ ಏನೆಲ್ಲ ಮಾಡಬಹುದು ಲೆಕ್ಕ ಹಾಕಿ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಪ್ರವೇಶದ ಅರ್ಜಿಯಲ್ಲಿ ‘ತಂದೆಯ ಹೆಸರು’ ಅನ್ನೋ ಜಾಗದಲ್ಲಿ ಪೆನ್ನು ನಿಲ್ಲಿಸುವ ಮಕ್ಕಳನ್ನು ನಾನು ನೋಡಿದ್ದೇನೆ. ನಮ್ಮ ಸುತ್ತಿನ ಜಿಲ್ಲೆಗಳಲ್ಲಿ ದೇವದಾಸಿ ತಾಯಂದಿರ ಮಕ್ಕಳಿದ್ದಾರೆ. ಆ ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ 1982ರಲ್ಲೇ ಬಂದಿತ್ತು. ಕಾಗದದ ಮೇಲಿನ ಒಂದು ಖಾಲಿ ಗೆರೆ ಹದಿನೇಳು ವರ್ಷದ ಹುಡುಗನಿಗೆ ‘ನೀನು ಯಾರೂ ಅಲ್ಲ’ ಅಂದ ಹಾಗೆ ಕೇಳಿಸುತ್ತದೆ.

ಹೆಸರು ಬದಲಿಸಿದರೆ ಮನುಷ್ಯ ಬದಲಾಗ್ತಾನಾ?

ಎರಡು ಕತೆ ಹೇಳ್ತೀನಿ. ‘ಅಸ್ಮಿತೆಯ ಬಿಕ್ಕಟ್ಟು’ ಅನ್ನೋ ಮಾತನ್ನು ಮನೆಮಾತು ಮಾಡಿದ ಎರಿಕ್ ಎರಿಕ್ಸನ್ ಹುಟ್ಟಿದ್ದು 1902ರಲ್ಲಿ, ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ. ಹೆತ್ತ ತಂದೆ ಯಾರು ಅಂತ ಕೊನೆಯವರೆಗೂ ಗೊತ್ತಾಗಲಿಲ್ಲ. ಮಲತಂದೆಯ ಹೆಸರು ಹೋಂಬರ್ಗರ್, ಅದನ್ನೇ ಇಟ್ಟುಕೊಂಡು ಬೆಳೆದ. 1939ರಲ್ಲಿ ಅಮೆರಿಕದ ಪ್ರಜೆಯಾಗುವಾಗ ತಾನೇ ಎರಿಕ್ಸನ್ ಅಂತ ಹೆಸರು ಮಾಡಿಕೊಂಡ. ಎರಿಕ್ಸನ್ ಅಂದರೆ ಎರಿಕ್‌ನ ಮಗ. ತಾನೇ ತನ್ನ ಮಗ! ಅರ್ಜಿಯ ಆ ಗೆರೆ ಮುಂದೆ ಪೆನ್ನು ನಿಲ್ಲಿಸಿದವರಿಗೆ ನಾನು ಈ ಕತೆಯನ್ನು ತಪ್ಪದೆ ಹೇಳುತ್ತೇನೆ.

ಇನ್ನೊಂದು ನಮ್ಮದೇ. ಎಷ್ಟೋ ಬಂಡೆಗಳ ಮೇಲಿನ ಹಳೇ ಶಾಸನಗಳಲ್ಲಿ ರಾಜನ ಹೆಸರಿಲ್ಲದೆ ‘ದೇವರಿಗೆ ಪ್ರಿಯನಾದವನು’ ಅಂತ ಬಿರುದು ಮಾತ್ರ ಇತ್ತು. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ ಕಲ್ಲಿನಲ್ಲಿ ಬಿರುದಿನ ಜೊತೆ ‘ಅಶೋಕ’ ಅನ್ನೋ ಹೆಸರೂ ಇತ್ತು. ಆಮೇಲೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದಲ್ಲೂ ಆ ಹೆಸರು ಸಿಕ್ಕಿತು. ಬಿರುದಿನವನೂ ಹೆಸರಿನವನೂ ಒಬ್ಬನೇ ಅಂತ ಕಲ್ಲೇ ಸಾಕ್ಷಿ ಹೇಳಿತು. ಎರಡು ಸಾವಿರಕ್ಕೂ ಹೆಚ್ಚು ವರ್ಷದ ಆಧಾರ್ ಕಾರ್ಡ್ ಅನ್ನಿ.

ಬೆಂಗಳೂರಿಗೆ ಹೋದ ಮೇಲೆ ಮಗನ ಮಾತೇ ಬದಲಾಯಿತು. ಊರು ಮರೆತನಾ?

ಮರೆತಿಲ್ಲ. ಫೋನಿನಲ್ಲಿ ನಿಮ್ಮ ಜೊತೆ ಮಾತಾಡುವಾಗ ‘ಹೌದ್ರೀ’ ಅಂತಾನಾ ಇಲ್ವಾ, ಕೇಳಿ ನೋಡಿ. ಗುಳೆ ಹೋದವರು, ಓದೋಕೆ ಹೋದವರು, ಎಲ್ಲರೂ ಎರಡು ನಾಲಿಗೆ ಕಟ್ಟಿಕೊಳ್ಳುತ್ತಾರೆ. ನಮ್ಮ ಮಾತು ಕೇಳಿ ನಕ್ಕವರು ಅಲ್ಲಿ ಇದ್ದರು ಅನ್ನೋದನ್ನೂ ನೆನಪಿಡಿ. ಆತ ಬದಲಾಗಿದ್ದು ಎಷ್ಟು, ಬಚ್ಚಿಟ್ಟಿದ್ದು ಎಷ್ಟು ಅಂತ ಅವನಿಗೇ ಗೊತ್ತಿರಲಿಕ್ಕಿಲ್ಲ.

‘ಹುಟ್ಟುಗುಣ ಸುಟ್ಟರೂ ಹೋಗದು’ ಅಂತಾರೆ. ನಿಜಾನಾ?

ಅರ್ಧ ನಿಜ. ವಯಸ್ಸಾದಂತೆ ಸ್ವಭಾವ ಗಟ್ಟಿಯಾಗುತ್ತಾ ಹೋಗುತ್ತದೆ, ಆದರೆ ಪೂರ್ತಿ ಕಲ್ಲಾಗೋದಿಲ್ಲ. ಮೂವತ್ತು ದಾಟಿದ ಮೇಲೂ ಬದಲಾವಣೆ ನಡೆದೇ ಇರುತ್ತದೆ. ತಮಾಷೆ ಏನೆಂದರೆ, ಅದು ನಮಗೆ ಕಾಣೋದಿಲ್ಲ. 2013ರಲ್ಲಿ ಕ್ವಾಡ್‌ಬಾಕ್, ಗಿಲ್ಬರ್ಟ್, ವಿಲ್ಸನ್ ಎಂಬ ಮೂವರು 18ರಿಂದ 68 ವರ್ಷದ 19,000ಕ್ಕೂ ಹೆಚ್ಚು ಜನರ ಮೇಲೆ ಮಾಡಿದ ಅಧ್ಯಯನ ಬಂತು. ಕಳೆದ ಹತ್ತು ವರ್ಷದಲ್ಲಿ ಬಹಳ ಬದಲಾಗಿದ್ದೇನೆ ಅಂತ ಎಲ್ಲ ವಯಸ್ಸಿನವರೂ ಒಪ್ಪಿದರು. ಮುಂದಿನ ಹತ್ತು ವರ್ಷದಲ್ಲಿ ಅಷ್ಟೇನೂ ಬದಲಾಗಲ್ಲ ಅಂತಲೂ ಹೇಳಿದರು. ಹದಿನೆಂಟರವನೂ ಅದನ್ನೇ ಹೇಳಿದ, ಐವತ್ತರವನೂ ಅದನ್ನೇ. ಪ್ರೇಮಿಯ ಹೆಸರಿನ ಹಚ್ಚೆ ಹಾಕಿಸಿಕೊಳ್ಳುವ ಮೊದಲು ಇದನ್ನು ಓದಿ.

ಮೈ, ಮನಸ್ಸು, ಊರು ಎಲ್ಲ ಬದಲಾದರೆ, ಅದೇ ‘ನಾನು’ ಅಂತ ಹೇಗೆ ಹೇಳೋದು?

ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಶ್ನೆ. ಸ್ವಲ್ಪ ಜಾಸ್ತಿ ಬರೆದರೆ ಬೇಸರ ಮಾಡಿಕೊಳ್ಳಬೇಡಿ.

ಯಾವುದಾದರೂ ಊರಿನ ತೇರು ತಗೊಳ್ಳಿ. ಒಂದು ವರ್ಷ ಗಾಲಿ ಬದಲಿಸುತ್ತಾರೆ. ಇನ್ನೊಂದು ವರ್ಷ ಅಚ್ಚು. ಮಿಣಿ ಹಗ್ಗ ಹೊಸದು. ಐವತ್ತು ವರ್ಷದಲ್ಲಿ ಹಳೇ ಕಟ್ಟಿಗೆ ಒಂದೂ ಉಳಿದಿರೋದಿಲ್ಲ. ‘ಇದು ನಮ್ಮ ಮುತ್ತಜ್ಜ ಎಳೆದ ತೇರು’ ಅಂತ ಜನ ಉತ್ತತ್ತಿ ಎಸೆದು ಕೈ ಮುಗಿಯೋದು ನಿಲ್ಲೋದಿಲ್ಲ. ನಾಗಸೇನ ಎಂಬ ಬೌದ್ಧ ಭಿಕ್ಷು ಗ್ರೀಕ್ ರಾಜ ಮಿಲಿಂದನಿಗೆ ಕೇಳಿದ್ದೂ ಹೀಗೇ. ರಥದಲ್ಲಿ ಬಂದೆ ಅಂತೀಯಲ್ಲ, ಅಚ್ಚು ರಥವಾ, ಗಾಲಿ ರಥವಾ, ನೊಗ ರಥವಾ? ಯಾವುದೂ ಅಲ್ಲ. ಎಲ್ಲ ಕೂಡಿದಾಗ ಇಟ್ಟ ಹೆಸರು ರಥ. ‘ನಾಗಸೇನ’ ಅನ್ನೋದೂ ಹಾಗೇ ಒಂದು ಹೆಸರು ಅಂದ.

ಇಂಗ್ಲೆಂಡಿನ ಜಾನ್ ಲಾಕ್ 17ನೇ ಶತಮಾನದಲ್ಲಿ ಬೇರೆ ಉತ್ತರ ಕೊಟ್ಟ. ನೆನಪು ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಅದೇ ಮನುಷ್ಯ. ಥಾಮಸ್ ರೀಡ್ ಮುಂದಿನ ಶತಮಾನದಲ್ಲಿ ಇದಕ್ಕೆ ಸಿಕ್ಕು ಹಾಕಿದ. ಹಣ್ಣು ಕದ್ದು ಏಟು ತಿಂದ ಹುಡುಗ ಮುಂದೆ ಸೈನ್ಯದ ಅಧಿಕಾರಿಯಾದ, ಆ ಏಟು ಅವನಿಗೆ ನೆನಪಿದೆ. ಮುದುಕನಾಗಿ ಸೇನಾಪತಿಯಾದಾಗ ಅಧಿಕಾರಿಯಾಗಿದ್ದು ನೆನಪಿದೆ, ಏಟು ಮರೆತಿದೆ. ಲಾಕ್ ಲೆಕ್ಕದಲ್ಲಿ ಸೇನಾಪತಿ ಅಧಿಕಾರಿಯೇ, ಅಧಿಕಾರಿ ಹುಡುಗನೇ, ಆದರೆ ಸೇನಾಪತಿ ಆ ಹುಡುಗ ಅಲ್ಲ! ಲೆಕ್ಕ ತಾಳೆ ಆಗೋದಿಲ್ಲ.

ನನ್ನ ಅಜ್ಜಿಯದು ಇನ್ನೂ ಮಜಾ ಇದೆ. ನಮ್ಮ ಕಡೆ ಅಜ್ಜಿಗೆ ‘ಅಮ್ಮ’ ಅಂತೀವಿ. ಅಮ್ಮ ಮದುವೆಯಾಗಿ ಕೊಪ್ಪಳಕ್ಕೆ ಬಂದಾಗ ಇದು ನಿಜಾಮರ ಹೈದರಾಬಾದ್ ಸಂಸ್ಥಾನ. 1948ರಲ್ಲಿ ಭಾರತಕ್ಕೆ ಸೇರಿತು. 1956ರಲ್ಲಿ ಮೈಸೂರು ರಾಜ್ಯ ಆಯಿತು. 1973ರಲ್ಲಿ ಕರ್ನಾಟಕ. 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆ. 2019ರಲ್ಲಿ ‘ಹೈದರಾಬಾದ್ ಕರ್ನಾಟಕ’ ಹೋಗಿ ‘ಕಲ್ಯಾಣ ಕರ್ನಾಟಕ’. ಇಷ್ಟೆಲ್ಲ ಆದರೂ ಆಕೆ ಮನೆ ಬದಲಿಸಲಿಲ್ಲ. ಒಲೆಯ ಜಾಗ ಕೂಡ ಅದೇ. ಆಕೆಯ ತವರು ಮಾತ್ರ ತುಂಗಭದ್ರಾ ಡ್ಯಾಮಿನ ಹಿನ್ನೀರಿನಲ್ಲಿ ಹೋಯಿತು. 1953ರ ಮುಳುಗಡೆ. ಬೇಸಿಗೆಯಲ್ಲಿ ನೀರು ಇಳಿದ ಸುದ್ದಿ ಬಂದರೆ ‘ಗುಡಿ ಕಲ್ಲು ಕಂಡಾವಂತೇನು?’ ಅಂತ ಕೇಳುತ್ತಿದ್ದಳು. ‘ನಾ ಆ ಊರಾಕಿ’ ಅಂತಲೇ ಕೊನೆಯವರೆಗೂ ಹೇಳಿದಳು. ನಕ್ಷೆಯಲ್ಲಿ ಇಲ್ಲದ ಊರಿನವಳು. ಡ್ಯಾನ್ ಮೆಕ್‌ಆಡಮ್ಸ್ ಎಂಬ ಮನಶ್ಶಾಸ್ತ್ರಜ್ಞ ಹೇಳೋದು ಇದನ್ನೇ: ನಾವು ನಮ್ಮ ಬಗ್ಗೆ ಕಟ್ಟಿ ಹೇಳಿಕೊಳ್ಳುವ ಕತೆಯಲ್ಲಿ ನಿನ್ನೆಯವಳೂ ಇಂದಿನವಳೂ ಒಬ್ಬಳಾಗುತ್ತಾಳೆ. ಈ ಉತ್ತರವೇ ನನಗೆ ಹೆಚ್ಚು ಸರಿ ಅನಿಸುತ್ತದೆ. ಒಂದೇ ತಕರಾರು: ಕತೆಯನ್ನು ನಾವೊಬ್ಬರೇ ಹೇಳೋದಿಲ್ಲ. ಕೇಳುವವರೂ ಬೇಕು, ಮರೆತ ಕಡೆ ನೆನಪಿಸುವವರೂ ಬೇಕು.

ಹಾಗಾದರೆ ನೆನಪೇ ಹೋದರೆ? ಆ ಮನುಷ್ಯ ಹೋದ ಹಾಗೇನಾ?

ಇದನ್ನು ಕೇಳಿದವರ ಮನೆಯಲ್ಲಿ ಸಾಮಾನ್ಯವಾಗಿ ಮರೆವಿನ ಕಾಯಿಲೆಯ ಹಿರಿಯರು ಇರುತ್ತಾರೆ.

ಹೆನ್ರಿ ಮೊಲೈಸನ್ ಎಂಬ ಅಮೆರಿಕದವರಿಗೆ 1953ರಲ್ಲಿ ಮೂರ್ಛೆರೋಗಕ್ಕಾಗಿ ಮೆದುಳಿನ ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ ಹೊಸ ನೆನಪು ಕೂಡೋದೇ ನಿಂತಿತು. 2008ರಲ್ಲಿ ತೀರಿಕೊಳ್ಳುವವರೆಗೆ ಹಾಗೇ. ದಿನಾ ಬರುವ ವಿಜ್ಞಾನಿಗಳು ದಿನಾ ಹೊಸಬರು. ಆದರೆ ಅವರ ಸೌಜನ್ಯ, ತಮಾಷೆ ಹೋಗಲಿಲ್ಲ ಅಂತ ಅವರ ಜೊತೆ ಕೆಲಸ ಮಾಡಿದವರೆಲ್ಲ ಹೇಳಿದ್ದಾರೆ.

ನೀನಾ ಸ್ಟ್ರೋಮಿಂಗರ್ ಮತ್ತು ಶಾನ್ ನಿಕೋಲ್ಸ್ 2015ರಲ್ಲಿ ರೋಗಿಗಳ ಮನೆಯವರನ್ನೇ ಕೇಳಿದರು. ‘ಇವರು ಈಗಲೂ ಅದೇ ಮನುಷ್ಯ ಅನಿಸುತ್ತಾ?’ ನೆನಪು ಹೋಗಿದ್ದಕ್ಕೆ ‘ಬೇರೆಯವರಾದರು’ ಅಂದವರು ಕಡಿಮೆ. ದಯೆ, ನಿಯತ್ತು, ಮರ್ಯಾದೆ ಕೆಟ್ಟಾಗ ಹಾಗೆ ಅಂದವರು ಜಾಸ್ತಿ.

ಅಮ್ಮನಿಗೆ ಕೊನೆಯ ಮೂರು ವರ್ಷ ನೆನಪು ಹೋಗಿತ್ತು. ನಾನು ಒಳಗೆ ಬಂದರೆ ಮುಖ ನೋಡಿ ಕೇಳುತ್ತಿದ್ದಳು, ‘ಯಾರ ಪೈಕಿ ಅವ್ವಾ ನೀನು?’ ಮೊದಲ ಸಲ ಅಡುಗೆಮನೆಗೆ ಹೋಗಿ ಅತ್ತಿದ್ದೆ. ಅತ್ತು ಹೊರಗೆ ಬಂದಾಗ ಆಕೆ ಸೊಸೆಗೆ ಹೇಳುತ್ತಿದ್ದಳು, ‘ಯಾರೋ ಬಂದಾಳ, ರೊಟ್ಟಿ ಹಾಕು, ಉಪವಾಸ ಕಳಸಬ್ಯಾಡ.’ ಹೆಸರು ಮರೆತ ಮೇಲೂ ಅಮ್ಮ ಅಮ್ಮನೇ ಆಗಿದ್ದಳು.

ನನ್ನ ನೆನಪುಗಳಾದರೂ ನನ್ನವಾ? ಅವು ಸುಳ್ಳಾಗಬಹುದಾ?

ಆಗಬಹುದು. ಎಲಿಜಬೆತ್ ಲಾಫ್ಟಸ್ 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 24 ಜನ ಇದ್ದರು. ‘ನೀವು ಚಿಕ್ಕವರಿದ್ದಾಗ ಮಾಲ್‌ನಲ್ಲಿ ಕಳೆದುಹೋಗಿದ್ದಿರಿ’ ಅಂತ, ನಡೆಯದೇ ಇರುವ ಘಟನೆಯನ್ನು ಮನೆಯವರು ಹೇಳಿದ್ದು ಅಂತ ಸೇರಿಸಿದರು. ಕಾಲು ಭಾಗದಷ್ಟು ಜನ ಅದನ್ನು ಪೂರ್ತಿಯೋ ಅರ್ಧಂಬರ್ಧವೋ ನೆನಪಿಸಿಕೊಂಡರು. ಗವಿಮಠದ ಜಾತ್ರೆಯಲ್ಲಿ ಕಳೆದುಹೋಗಿ ಬೆಂಡು-ಬತ್ತಾಸಿನ ಅಂಗಡಿ ಮುಂದೆ ಸಿಕ್ಕ ನೆನಪು ನನಗೂ ಇದೆ. ಕಳೆದುಹೋಗಿದ್ದು ನಾನಲ್ಲ, ಅಕ್ಕ ಅಂತ ಅವ್ವ ಈಗ ಹೇಳುತ್ತಾಳೆ. ಬತ್ತಾಸಿನ ರುಚಿ ಮಾತ್ರ ನನ್ನ ನಾಲಿಗೆಯಲ್ಲೇ ಇದೆ.

ನಮ್ಮ ಮೆದುಳೇ ಒಂದು ದೊಡ್ಡ ಕತೆಗಾರ. ಎರಡು ಅರೆಗಳ ನಡುವಿನ ಸೇತುವೆ ಕತ್ತರಿಸಿದ ರೋಗಿಯೊಬ್ಬರಿಗೆ ಮೈಕೆಲ್ ಗಜಾನಿಗಾ ಎರಡು ಚಿತ್ರ ತೋರಿಸಿದ. ಎಡ ಮೆದುಳಿಗೆ ಕೋಳಿಯ ಕಾಲು, ಬಲಕ್ಕೆ ಹಿಮ. ಬಲ ಮೆದುಳು ನಡೆಸುವ ಎಡಗೈ ಸಲಿಕೆಯ ಚಿತ್ರ ಆರಿಸಿತು, ಅದು ಹಿಮ ಎತ್ತೋಕೆ. ಮಾತಾಡುವ ಎಡ ಮೆದುಳಿಗೆ ಹಿಮ ಗೊತ್ತೇ ಇಲ್ಲ. ಯಾಕೆ ಸಲಿಕೆ ಅಂದರೆ ಸ್ವಲ್ಪವೂ ತಡವರಿಸದೆ ‘ಕೋಳಿ ಗೂಡು ಬಳಿಯೋಕೆ’ ಅಂದಿತು. ನಾವೂ ದಿನಕ್ಕೆ ಎಷ್ಟು ಸಲ ಕೋಳಿ ಗೂಡು ಬಳೀತೀವೋ.

ವಯಸ್ಸು ಇಪ್ಪತ್ತು. ನಾನು ಏನಾಗಬೇಕು ಅಂತಲೇ ಗೊತ್ತಿಲ್ಲ. ಇದು ರೋಗಾನಾ?

ಅಲ್ಲ. ಎರಿಕ್ಸನ್ ಪ್ರಕಾರ ಈ ವಯಸ್ಸಿನ ಕೆಲಸವೇ ಅದು. ಜೇಮ್ಸ್ ಮಾರ್ಸಿಯಾ 1966ರಲ್ಲಿ ಇದನ್ನು ಬಿಡಿಸಿ ನೋಡಿದ. ಹುಡುಕಿ ಒಂದು ದಾರಿ ಹಿಡಿದವರು ಇರುತ್ತಾರೆ. ಹುಡುಕುತ್ತಲೇ ಇರುವವರು ಇರುತ್ತಾರೆ. ಹುಡುಕದೆಯೂ ಹಿಡಿಯದೆಯೂ ಇರುವವರು ಇರುತ್ತಾರೆ. ನಮ್ಮಲ್ಲಿ ಜಾಸ್ತಿ ಕಾಣೋದು ನಾಲ್ಕನೇ ಗುಂಪು: ಹುಡುಕುವ ಮೊದಲೇ ಬೀಗ ಹಾಕಿಸಿಕೊಂಡವರು. ‘ಅಪ್ಪ ಡಿ.ಎಡ್. ಮಾಡು ಅಂದರು, ಮಾಡಿದೆ.’ ‘ಹತ್ತೊಂಬತ್ತಕ್ಕೆ ಮದುವೆ ಮಾಡಿದರು, ಆದೆ.’ ಇವರು ನೆಮ್ಮದಿಯಾಗಿ ಕಾಣುತ್ತಾರೆ. ಪ್ರಶ್ನೆ ಮೂವತ್ತೈದರಲ್ಲಿ ಬಂದು ಬಾಗಿಲು ಬಡಿಯುತ್ತದೆ. ಈಗಲೇ ಒದ್ದಾಡುತ್ತಿರುವ ನಿಮ್ಮ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ.

ಮೂರು ಸಲ ಪರೀಕ್ಷೆ ಬರೆದರೂ ನೌಕರಿ ಆಗಲಿಲ್ಲ. ನಾನು ಯಾತಕ್ಕೂ ಬಾರದವನಾ?

ಜೇಮ್ಸ್ ಒಂದು ಭಿನ್ನರಾಶಿ ಬರೆದಿದ್ದ. ಮೇಲೆ ಗೆಲುವು, ಕೆಳಗೆ ಆಸೆ. ಭಾಗಿಸಿದರೆ ಬರೋದು ನಮ್ಮ ಬಗ್ಗೆ ನಮಗಿರುವ ಮರ್ಯಾದೆ. ಮೇಲಿನದು ಹೆಚ್ಚಿದರೂ ಉತ್ತರ ಹೆಚ್ಚುತ್ತದೆ, ಕೆಳಗಿನದು ಇಳಿದರೂ ಹೆಚ್ಚುತ್ತದೆ. ಆಸೆ ಬಿಡಿ ಅಂತ ನಾನು ಹೇಳೋದಿಲ್ಲ. ಆದರೆ ಕೆಳಗಿನ ಅಂಕಿ ನಿಮ್ಮದಾ, ಮನೆಯವರು ಬರೆದಿದ್ದಾ ಅಂತ ಒಮ್ಮೆ ನೋಡಿ. ಇಡೀ ‘ನಾನು’ವನ್ನು ಒಂದೇ ಗೂಟಕ್ಕೆ ಕಟ್ಟಿದವರಿಗೆ ಆ ಗೂಟ ಕಿತ್ತಾಗ ಬೀಳುವ ಪೆಟ್ಟು ದೊಡ್ಡದು. ಆಟ, ಹೊಲ, ಭಜನಾ ಮೇಳ, ತಮ್ಮಂದಿರ ಓದು, ಏನಾದರೂ ಇನ್ನೆರಡು ಗೂಟ ಇರಲಿ.

ಮೈ ಗಂಡಸಿನದು, ಮನಸ್ಸು ಹೆಂಗಸಿನದು ಅನ್ನೋದು ಮನೋರೋಗಾನಾ?

ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ಪಟ್ಟಿಯಲ್ಲಿ ಇದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದರು. ತಮ್ಮ ಲಿಂಗ ಯಾವುದು ಅಂತ ತಾವೇ ಹೇಳಿಕೊಳ್ಳುವ ಹಕ್ಕನ್ನು ನಮ್ಮ ಸುಪ್ರೀಂ ಕೋರ್ಟ್ 2014ರಲ್ಲೇ ಎತ್ತಿಹಿಡಿದಿದೆ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ಪದ್ಮಶ್ರೀ ಪಡೆದರು. ಅವರು ಹುಡುಗನಾಗಿ ಬೆಳೆದಿದ್ದವರು. ಆ ದಾರಿಯಲ್ಲಿ ಅವರು ಪಟ್ಟ ಕಷ್ಟಕ್ಕೆ ಕಾರಣ ಅವರ ಮನಸ್ಸಲ್ಲ, ಸುತ್ತಲಿನವರು.

ಮೈಮೇಲೆ ದೇವರು ಬಂದಾಗ ಆಕೆ ಯಾರು?

ಹುಲಿಗೆಮ್ಮನ ಗುಡಿಗೆ ಅಂತ ಹುಲಿಗಿಗೆ ಹೋಗಿ ಬಂದವರು ಕೇಳುವ ಪ್ರಶ್ನೆ. ಗುಡಿಯಲ್ಲಿ, ಎಲ್ಲರೂ ಒಪ್ಪಿದ ಹೊತ್ತಿನಲ್ಲಿ ಬಂದು, ಹೋಗಿ, ಆಮೇಲೆ ಆಕೆ ಎಂದಿನಂತೆ ಮನೆಗೆಲಸ ಮಾಡಿಕೊಂಡಿದ್ದರೆ ಮನೋವೈದ್ಯರೂ ಅದನ್ನು ಕಾಯಿಲೆ ಅನ್ನೋದಿಲ್ಲ. ಅಮೆರಿಕದ ಮನೋವೈದ್ಯರು 2013ರಲ್ಲಿ ತಂದ ಕೈಪಿಡಿಯಲ್ಲೂ ಧರ್ಮ, ಸಂಸ್ಕೃತಿ ಒಪ್ಪಿದ ಆಚರಣೆಯನ್ನು ಹೊರಗಿಟ್ಟಿದ್ದಾರೆ. ಬೇಡವೆಂದರೂ ಬರುವುದು, ಆಕೆ ನರಳುವುದು, ಸಂಸಾರ ನಡೆಯದಂತಾಗುವುದು, ಇವು ಇದ್ದರೆ ವೈದ್ಯರ ಹತ್ತಿರ ಹೋಗಿ. ದಯವಿಟ್ಟು ಹೊಡೆದು ಬಿಡಿಸೋಕೆ ಹೋಗಬೇಡಿ.

ಆತ್ಮ, ‘ಸ್ವ’ ಎರಡೂ ಒಂದೇನಾ?

ಮನಶ್ಶಾಸ್ತ್ರ ಆತ್ಮ ಇದೆ ಅಂತಲೂ ಹೇಳೋದಿಲ್ಲ, ಇಲ್ಲ ಅಂತಲೂ ಹೇಳೋದಿಲ್ಲ. ಅಳೆಯೋಕೆ, ಕೇಳೋಕೆ ಸಿಗುವುದರ ಬಗ್ಗೆ ಮಾತ್ರ ಅದರ ಮಾತು. ಉಳಿದದ್ದಕ್ಕೆ ಮಠಕ್ಕೆ ಹೋಗಿ, ಅಲ್ಲಿ ನನಗಿಂತ ಚೆನ್ನಾಗಿ ಹೇಳುವವರಿದ್ದಾರೆ.

ಕನ್ನಡಿಯಲ್ಲಿ ಕಾಣೋದು ನಾನಲ್ಲ ಅನಿಸ್ತದೆ. ಯಾರನ್ನು ಕೇಳಲಿ?

ನಿದ್ದೆಗೆಟ್ಟಾಗ, ಬಹಳ ಹೆದರಿದಾಗ, ಗಾಂಜಾ ಸೇದಿದಾಗ ಕ್ಷಣಕಾಲ ಹೀಗೆ ಆಗಬಹುದು. ಅದು ಪದೇ ಪದೇ ಬಂದರೆ, ದಿನಗಟ್ಟಲೆ ಉಳಿದರೆ, ಸಾಯುವ ಯೋಚನೆ ಬಂದರೆ ಕಾಯಬೇಡಿ. 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ, ಹಗಲು-ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾಸ್ಪತ್ರೆಗೂ ಹೋಗಬಹುದು.

ಹಾಗೆ ಹೋಗೋಕೆ ನಾಚಿಕೆ ಪಡುವವರಿಗೆ ಒಂದು ವಿಷಯ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು ಹಳ್ಳಿಯ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಮನೋರೋಗಕ್ಕೆ ಔಷಧಿ ಸಿಗುವಂತೆ ಮಾಡಿದ್ದು ಎಲ್ಲಿ ಗೊತ್ತಾ? ಬಳ್ಳಾರಿ ಜಿಲ್ಲೆಯಲ್ಲಿ. ಅದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ‘ಬಳ್ಳಾರಿ ಮಾದರಿ’ ಅಂತಲೇ ಅದಕ್ಕೆ ಹೆಸರು. ಇಡೀ ದೇಶ ನಮ್ಮ ಕಡೆಯಿಂದ ಕಲಿತಿದ್ದನ್ನು ಬಳಸೋಕೆ ನಮಗೇ ಯಾಕೆ ಸಂಕೋಚ?

ಕೊನೆಗೆ, ನೀವು ಯಾರ ಪೈಕಿ ಮೇಡಂ?

ಇದನ್ನು ನಗುತ್ತಾ ಕೇಳುತ್ತಾರೆ, ಆದರೆ ಪ್ರತಿ ವರ್ಷ ಕೇಳುತ್ತಾರೆ. ಇಪ್ಪತ್ತು ಸಾಲಿನ ಪರೀಕ್ಷೆ ನಾನೂ ಅವರ ಜೊತೆ ಬರೆಯುತ್ತೇನೆ, ಪ್ರತಿ ವರ್ಷ ಉತ್ತರ ಬೇರೆ ಬರುತ್ತದೆ. ಒಂದು ವರ್ಷ ‘ಮುಳುಗಡೆಯವರ ಮೊಮ್ಮಗಳು’ ಅಂತ ಮೊದಲು ಬರೆದಿದ್ದೆ, ಒಂದು ವರ್ಷ ‘ಬಿ.ಪಿ. ಮಾತ್ರೆ ಮರೆಯುವವಳು’ ಅಂತ.

ಅಮ್ಮ ಕೇಳಿದಾಗ ಮಾತ್ರ ಉತ್ತರ ಒಂದೇ ಇರುತ್ತಿತ್ತು. ಮೊದಮೊದಲು ಹೆಸರು ಹೇಳುತ್ತಿದ್ದೆ, ಅಪ್ಪನ ಹೆಸರು ಹೇಳುತ್ತಿದ್ದೆ, ಆಕೆ ಗೊತ್ತಾಗದೆ ಕಂಗಾಲಾಗುತ್ತಿದ್ದಳು. ಆಮೇಲೆ ಅದನ್ನು ಬಿಟ್ಟೆ. ‘ಯಾರ ಪೈಕಿ ಅವ್ವಾ?’ ಅಂದರೆ, ‘ನಿನ್ನ ಪೈಕಿನೇ ಅಮ್ಮಾ’ ಅನ್ನುತ್ತಿದ್ದೆ.

‘ಹಂಗಾರ ಕೂಡ್ರು’ ಅಂತ ಚಾಪೆ ಸರಿಸುತ್ತಿದ್ದಳು.